ವಾಡೆ ಕಟ್ಟಿದವರ ಹೆಸರು

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನ. ಅಲ್ಲಿನಷ್ಟು ದೊಡ್ಡವಲ್ಲದ ವಾಡೆಗಳು, ಅಂದರೆ ಒಡೆಯರ ಮನೆಗಳು, ಸಿಂಧನೂರು, ಮಸ್ಕಿ ಕಡೆಯ ಹಳ್ಳಿಗಳಲ್ಲೂ ಇದ್ದವು, ದೇಸಾಯಿಗಳವು, ಗೌಡರವು. ಕೆಲವು ಇನ್ನೂ ನಿಂತಿವೆ. ಗಚ್ಚಿನ ಗೋಡೆ, ಬಂಡಿ ಹೋಗುವಷ್ಟು ಅಗಲದ ಹೆಬ್ಬಾಗಿಲು, ನೆಲದೊಳಗೆ ಜೋಳ ತುಂಬುವ ಹಗೇವು, ಪಡಸಾಲೆಯ ಕಂಬದ ಬೋದಿಗೆಯಲ್ಲಿ ಬಡಿಗೇರರ ಉಳಿ ಅರಳಿಸಿದ ಕಮಲ. ನೋಡಿದರೆ ಕಣ್ಣು ತುಂಬುತ್ತದೆ. ಆದರೂ ಆ ಕಂಬಕ್ಕೆ ಒರಗಿ ನಿಂತಾಗ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಅದನ್ನು ಇಂಗ್ಲೆಂಡಿನ ಕಲಾವಿಮರ್ಶಕ ರಸ್ಕಿನ್ ಹತ್ತೊಂಬತ್ತನೇ ಶತಮಾನದಲ್ಲೇ ಕೇಳಿದ್ದ: ಇದನ್ನು ಕೆತ್ತಿದವನು ಕೆತ್ತುವಾಗ ಸುಖವಾಗಿದ್ದನೇ? ಅವನಿಂದ ಕಲಿತ ವಿಲಿಯಂ ಮಾರಿಸ್ ಯಂತ್ರಯುಗದ ನಡುವೆ ಕೈಕಸುಬಿನ ಘನತೆಯನ್ನು ಎತ್ತಿಹಿಡಿದ. ತಾನು ಮಾಡಿದ ಚೆಲುವಾದ ವಸ್ತುಗಳೆಲ್ಲ ಸಿರಿವಂತರ ಮನೆ ಸೇರುವುದನ್ನು ಕಂಡು ನೊಂದ, ಸಮಾಜವಾದಿಯಾದ. ಆ ನೋವನ್ನು ನಾನು ಅವನ ಕಲೆಗಿಂತ ದೊಡ್ಡದೆಂದು ಎಣಿಸುತ್ತೇನೆ.

ನಮ್ಮ ಕಡೆ ಬಿಟ್ಟಿ ಇತ್ತು. ಒಡೆಯರ ಕರೆ ಬಂದರೆ ಸುಗ್ಗಿ ಬಿಟ್ಟು ಕಲ್ಲು, ಸುಣ್ಣ ಹೊರಬೇಕು. ಕಸುಬಿನವರಿಗೆ ಕಣದಲ್ಲಿ ಆಯದ ಕಾಳಾದರೂ ಸಿಗುತ್ತಿತ್ತು. ಊರ ಹೊರಗಿನ ಕೇರಿಯವರು ಗೋಡೆ ಎದ್ದ ಮೇಲೆ ಒಳಗೆ ಕಾಲಿಡುವಂತಿರಲಿಲ್ಲ. ನಮ್ಮ ಸೀಮೆ ಆಗ ಸೇರಿದ್ದ ಹೈದರಾಬಾದ್ ರಾಜ್ಯದಲ್ಲಿ ಜಹಗೀರು ರದ್ದಾದದ್ದು 1949ರಲ್ಲಿ. ದೇಶದಲ್ಲಿ ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ.

ಹಾಗಾದರೆ ಶೋಷಣೆಯ ಈ ಗುರುತು ಬಿದ್ದುಹೋಗಲಿ ಎನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮಾತು ಒಪ್ಪಿಗೆಯಿಲ್ಲ. ವಾಡೆ ಬಿದ್ದರೆ ಒಡೆಯರ ಹೆಸರು ಕಾಗದಪತ್ರಗಳಲ್ಲಿ ಉಳಿದೇ ಉಳಿಯುತ್ತದೆ. ಅಳಿಯುವುದು ಕೇರಿಯವರ ಬೆವರಿಗಿದ್ದ ಒಂದೇ ಸಾಕ್ಷಿ.

ಮಸ್ಕಿಯ ಬಂಡೆಯನ್ನು ನೋಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಆ ಶಾಸನದಲ್ಲಿ ಅಶೋಕನ ಹೆಸರಿದೆ ಎಂದು ಎಲ್ಲರೂ ಹೇಳುತ್ತೇವೆ. ಅದರೊಳಗಿನ ಮಾತನ್ನು ಹೇಳುವವರು ಕಡಿಮೆ: ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುತ್ತದೆಂದು ತಿಳಿಯಬಾರದು, ಸಣ್ಣವನಿಗೂ ಸಿಗುತ್ತದೆ. ಅದೇ ಚಕ್ರವರ್ತಿಯ ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಬರೆದವನ ಹೆಸರೂ ಇದೆ: ಲಿಪಿಕಾರ ಚಪಡ. ಇಪ್ಪತ್ತೆರಡು ಶತಮಾನ ದಾಟಿ ಅವನ ಹೆಸರು ನಮ್ಮನ್ನು ಮುಟ್ಟಿದೆ. ನೂರು ವರ್ಷದ ಹಿಂದೆ ಬೋದಿಗೆ ಕೆತ್ತಿದವನ ಹೆಸರು ಮುಟ್ಟಿಲ್ಲ.

ಯಾವ ಅಜ್ಜ ಯಾವ ಕಲ್ಲು ಹೊತ್ತ ಎಂದು ಹೇಳಬಲ್ಲ ಹಿರಿಯರು ಕೇರಿಗಳಲ್ಲಿ ಇನ್ನೂ ಇದ್ದಾರು. ವಾಡೆಗಳ ದುರಸ್ತಿಗೆ ಹಣ ಬರುವ ಮೊದಲೇ ಯಾರಾದರೂ ನೋಟ್‌ಬುಕ್ ಹಿಡಿದು ಅವರ ಕಟ್ಟೆಯ ಮೇಲೆ ಕೂರಬೇಕು. ಬರುವ ಮಳೆಗಾಲದೊಳಗೇ ಕೂರಬೇಕು.