ಉದ್ಧಟತನಕ್ಕೆ ಸಾಕ್ಷಿ ಯಾರು?

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕಪ್ಪುವರ್ಣೀಯ ಮಕ್ಕಳಿಗೆ ಶಿಕ್ಷೆ ಹೆಚ್ಚು ಬೀಳುತ್ತದೆ ಎಂಬುದರಲ್ಲಿ ಈಗ ವಿವಾದ ಉಳಿದಿಲ್ಲ. 2013-14ರಲ್ಲಿ ಒಟ್ಟು ವಿದ್ಯಾರ್ಥಿಗಳ ಪೈಕಿ ಅವರು ಶೇ 15.5, ಸಸ್ಪೆಂಡ್ ಆದವರ ಪೈಕಿ ಶೇ 39. ಈ ಲೆಕ್ಕ ಕೊಟ್ಟದ್ದು ಯಾವುದೋ ಹೋರಾಟದ ಸಂಘವಲ್ಲ, ಅಲ್ಲಿನ ಸಂಸತ್ತಿಗೆ ವರದಿ ಒಪ್ಪಿಸುವ ಲೆಕ್ಕಪರಿಶೋಧನಾ ಸಂಸ್ಥೆ. ಇನ್ನೂ ಎಳೆಯರನ್ನು ನೋಡಬೇಕೆಂದರೆ 2011-12ರ ಅಂಕಿಗಳಿವೆ: ಶಿಶುವಿಹಾರದ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 18, ಒಂದಕ್ಕಿಂತ ಹೆಚ್ಚು ಸಲ ಸಸ್ಪೆಂಡ್ ಆದ ಶಿಶುಗಳಲ್ಲಿ ಶೇ 48. ನಾಲ್ಕು ವರ್ಷದ ಕೂಸನ್ನು ಸಸ್ಪೆಂಡ್ ಮಾಡುವುದೆಂದರೇನು ಎಂದು ಕೇಳಬೇಡಿ, ಮಾಡುತ್ತಾರೆ.

ವಿಷಯ ಇಷ್ಟು. ಸಂಶಯ ಹುಟ್ಟುವುದು ಕಾರಣದಲ್ಲಿ. ಈ ಅಂತರ ಮಕ್ಕಳ ನಡತೆಯಿಂದ ಬಂತೋ, ನಡತೆಯನ್ನು ಅಳೆಯುವವರ ಕಣ್ಣಿನಿಂದ ಬಂತೋ? ಕಣ್ಣಿನಿಂದ ಬಂದದ್ದಾದರೆ ಶಿಕ್ಷೆಗೆ ಮುನ್ನ ವಿಚಾರಣೆ ಕೇಳಲು ವಿದ್ಯಾರ್ಥಿಗೆ ಕೊಟ್ಟ ಕಾನೂನಿನ ಹಕ್ಕು ಅದಕ್ಕೆ ಪರಿಹಾರವೋ, ಅಲ್ಲ ಶಿಸ್ತನ್ನೇ ಕೆಡಿಸುವ ಉಪದ್ರವವೋ? ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಷಪಾತ ಮನಸ್ಸಿನಲ್ಲಿ ಹುಟ್ಟುತ್ತದೆ, ಆದರೆ ಅದು ಶಿಕ್ಷೆಯಾಗಿ ಹೊರಬೀಳುವುದು ಅಸ್ಪಷ್ಟ ನಿಯಮಗಳ ಮೂಲಕ. ಮನಸ್ಸನ್ನು ಶೋಧಿಸಲು ಯಾರಿಗೂ ಆಗದು. ನಿಯಮವನ್ನು, ವಿಚಾರಣೆಯ ಕ್ರಮವನ್ನು ಶೋಧಿಸಬಹುದು.

ಹಕ್ಕಿನ ಕತೆ ಶುರುವಾದದ್ದು ಕಾಲೇಜಿನಲ್ಲಿ. 1960ರ ಫೆಬ್ರವರಿಯಲ್ಲಿ ಮಾಂಟ್ಗೊಮರಿಯ ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಉಪಾಹಾರಗೃಹಕ್ಕೆ ಹೋಗಿ, ತಮಗೂ ಬಡಿಸಿ ಎಂದು ಕೇಳಿದರು. ಅಷ್ಟಕ್ಕೇ ಒಂಬತ್ತು ಮಂದಿಯನ್ನು ಡಿಬಾರ್ ಮಾಡಲಾಯಿತು. ಆರೋಪವೇನೆಂದು ಅವರಿಗೆ ತಿಳಿಸಲಿಲ್ಲ, ಅವರ ಮಾತನ್ನೂ ಕೇಳಲಿಲ್ಲ. ಸರ್ಕಾರಿ ಕಾಲೇಜು ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ನೋಟಿಸ್ ಕೊಟ್ಟು ವಿಚಾರಣೆ ನಡೆಸಲೇಬೇಕು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1961ರಲ್ಲಿ ತೀರ್ಪಿತ್ತಿತು. ‘ಡಿಕ್ಸನ್’ ಎಂದು ಹೆಸರಾದ ಆ ಮೊಕದ್ದಮೆಯಿಂದ ಕಾಲೇಜು ತಂದೆತಾಯಿಯ ಸ್ಥಾನದಲ್ಲಿದೆ, ಆದ್ದರಿಂದ ಕಾರಣ ಹೇಳಬೇಕಿಲ್ಲ ಎಂಬ ಹಳೆಯ ವಾದದ ಬಲ ಕುಂದಿತು. ಖಾಸಗಿ ಕಾಲೇಜುಗಳಿಗೆ ಇದು ತಾಗುವುದಿಲ್ಲ. ಅಲ್ಲಿ ಸಂವಿಧಾನಕ್ಕಿಂತ ಕಾಲೇಜಿನ ಕೈಪಿಡಿಯೇ ದೊಡ್ಡದು.

ಶಾಲೆಯ ಮಕ್ಕಳಿಗೆ ಇದೇ ಹಕ್ಕು ದಕ್ಕಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 1971ರಲ್ಲಿ ಓಹಾಯೊದ ಕೊಲಂಬಸ್ ನಗರದ ಶಾಲೆಗಳಲ್ಲಿ ಗಲಾಟೆಯಾಯಿತು. ಒಂದು ಹೈಸ್ಕೂಲಿನ ಊಟದ ಕೋಣೆಯಲ್ಲಿ ಶಾಲೆಯ ಸ್ವತ್ತಿಗೆ ಹಾನಿಯಾಯಿತು. ಅಲ್ಲಿದ್ದ ಡ್ವೈಟ್ ಲೋಪೆಜ್ ತಾನು ಸುಮ್ಮನೆ ನಿಂತಿದ್ದವನೆಂದ, ಅದೇ ದಿನ ತನ್ನೊಡನೆ ಇನ್ನೂ ಕನಿಷ್ಠ ಎಪ್ಪತ್ತೈದು ಮಂದಿ ಸಸ್ಪೆಂಡ್ ಆದರೆಂದ. ಇನ್ನೊಬ್ಬ ಹುಡುಗಿಯ ಪ್ರಕರಣ ಇದಕ್ಕಿಂತ ವಿಚಿತ್ರ. ಬೇರೆ ಶಾಲೆಯೊಂದರ ಮುಂದೆ ನಡೆದ ಪ್ರತಿಭಟನೆಯಲ್ಲಿ ಪೊಲೀಸರು ಅವಳನ್ನು ಹಿಡಿದು, ಯಾವ ಆರೋಪವನ್ನೂ ಹೊರಿಸದೆ ಬಿಟ್ಟಿದ್ದರು. ಮರುದಿನ ಶಾಲೆಗೆ ಹೊರಡುವಷ್ಟರಲ್ಲಿ ಹತ್ತು ದಿನದ ಸಸ್ಪೆನ್ಷನ್ ಎಂಬ ಸುದ್ದಿ ಬಂತು. ಯಾವ ಮಾಹಿತಿಯ ಮೇಲೆ ಆ ತೀರ್ಮಾನವಾಯಿತೆಂಬುದು ಕೋರ್ಟಿನ ಕಡತದಲ್ಲೂ ಇಲ್ಲ. ‘ಗಾಸ್ ವಿರುದ್ಧ ಲೋಪೆಜ್’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1975ರ ಜನವರಿಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿದ್ದು ಬಹಳ ಸಣ್ಣ ಮಾತು: ಹತ್ತು ದಿನದೊಳಗಿನ ಸಸ್ಪೆನ್ಷನ್ ಆದರೂ ಆರೋಪವೇನೆಂದು ತಿಳಿಸಿ, ವಿದ್ಯಾರ್ಥಿ ಒಪ್ಪದಿದ್ದರೆ ಆಧಾರವೇನೆಂದು ವಿವರಿಸಿ, ಅವನ ಕಡೆಯ ಮಾತನ್ನು ಕೇಳಿ. ಜನರಿಗೋ ಸ್ವತ್ತಿಗೋ ಅಪಾಯವಿದ್ದರೆ, ಪಾಠ ಕೆಡುವ ಭಯವಿದ್ದರೆ ಮೊದಲು ಹೊರಗೆ ಕಳಿಸಿ, ಆಮೇಲೆ ಕೇಳಿದರೂ ಸರಿ.

ಇಲ್ಲೊಂದು ಉಪಕತೆ ಹೇಳದಿರಲಾರೆ. ಎರಡೇ ವರ್ಷದ ನಂತರ, 1977ರ ‘ಇನ್‌ಗ್ರಹಾಂ’ ತೀರ್ಪಿನಲ್ಲಿ ಅದೇ ನ್ಯಾಯಾಲಯ ಮಗುವಿಗೆ ಹಲಗೆಯಿಂದ ಹೊಡೆಯುವ ಮುನ್ನ ವಿಚಾರಣೆ ಬೇಕಿಲ್ಲವೆಂದಿತು. ಮನೆಗೆ ಕಳಿಸಲು ಕಾರಣ ಹೇಳಬೇಕು, ಬಾರಿಸಲು ಬೇಡ! ದಕ್ಷಿಣದ ಹಲವು ರಾಜ್ಯಗಳಲ್ಲಿ ಶಾಲೆಯ ಹೊಡೆತ ಇಂದಿಗೂ ಕಾನೂನುಬದ್ಧ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಕಾಗದದ ಮೇಲಾದರೂ ಅದನ್ನು ನಿಷೇಧಿಸಿದೆ.

ಇನ್ನು ಪೂರ್ವಪಕ್ಷ. ಮೊದಲನೆಯ ಆಕ್ಷೇಪವೇ ಭಾರವಾದದ್ದು. ಬಡತನ, ಒಡೆದ ಸಂಸಾರ, ಅಪಾಯದ ಕೇರಿ, ಇವುಗಳ ನಡುವೆ ಬೆಳೆದ ಮಗು ಶಾಲೆಯಲ್ಲಿ ಹೆಚ್ಚು ತಂಟೆ ಮಾಡುತ್ತದೆ. ಶಿಕ್ಷೆಯ ಅಂತರ ನಡತೆಯ ಅಂತರದ ನೆರಳಷ್ಟೆ. ಕನ್ನಡಿಯನ್ನು ಒಡೆದರೆ ಮುಖ ಬದಲಾಗುವುದಿಲ್ಲ. ಇದು ಬರೀ ವರ್ಣದ್ವೇಷಿಗಳ ಮಾತಲ್ಲ. ಹಿಂದಿನ ನಡತೆಯ ಸಮಸ್ಯೆಯನ್ನು ಲೆಕ್ಕಕ್ಕೆ ಹಿಡಿದರೆ ಅಂತರವೇ ಮಾಯವಾಗುತ್ತದೆ ಎಂದು ಜಾನ್ ಪಾಲ್ ರೈಟ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದರು. ಆದರೆ ಅವರ ಅಳತೆಗೋಲಿನಲ್ಲಿ ಶಿಕ್ಷಕರು ಕೊಟ್ಟ ಅಂದಾಜೂ ಸೇರಿತ್ತು. ಯಾರ ಕಣ್ಣನ್ನು ಪರೀಕ್ಷಿಸಬೇಕೋ ಅವರ ಕಣ್ಣಿನಿಂದಲೇ ಅಳೆದರೆ ಅದು ಸಾಧಿಸಬೇಕಾದದ್ದನ್ನೇ ಆಧಾರವಾಗಿ ಹಿಡಿದಂತೆ.

ತಪ್ಪುಗಳ ಜಾತಿಯನ್ನು ಬಿಡಿಸಿ ನೋಡಿದಾಗ ಉತ್ತರ ಸಿಗುತ್ತದೆ. ರಸೆಲ್ ಸ್ಕಿಬಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳಿಯ ಮಕ್ಕಳನ್ನು ಹೆಚ್ಚಾಗಿ ಕಚೇರಿಗೆ ಕಳಿಸಿದ್ದು ಸಿಗರೇಟು ಸೇದಿದ್ದಕ್ಕೆ, ಹೇಳದೆ ಹೊರಗೆ ಹೋದದ್ದಕ್ಕೆ, ಸಾಮಾನು ಹಾಳುಮಾಡಿದ್ದಕ್ಕೆ, ಹೊಲಸು ಮಾತಾಡಿದ್ದಕ್ಕೆ. ಕಪ್ಪು ಮಕ್ಕಳನ್ನು ಕಳಿಸಿದ್ದು ಅಗೌರವ ತೋರಿದ್ದಕ್ಕೆ, ಗದ್ದಲ ಮಾಡಿದ್ದಕ್ಕೆ, ಬೆದರಿಸಿದ್ದಕ್ಕೆ, ಸುಮ್ಮನೆ ಅಡ್ಡಾಡಿದ್ದಕ್ಕೆ. ಸಿಗರೇಟಿಗೆ ಹೊಗೆಯ ಸಾಕ್ಷಿಯಿದೆ. ಅಗೌರವಕ್ಕೆ ಅದನ್ನು ಅನುಭವಿಸಿದ ಶಿಕ್ಷಕರೇ ಸಾಕ್ಷಿ, ಅವರೇ ದೂರುದಾರರು.

ಟೆಕ್ಸಸ್‌ನಿಂದ 2011ರಲ್ಲಿ ಬಂದ ಅಧ್ಯಯನ ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಸುಮಾರು ಹತ್ತು ಲಕ್ಷ ಮಕ್ಕಳ ದಾಖಲೆಗಳನ್ನು ಏಳನೆಯ ತರಗತಿಯಿಂದ ಹಿಡಿದು ವರ್ಷಗಟ್ಟಲೆ ಹಿಂಬಾಲಿಸಿದ ಕೆಲಸ ಅದು. ಕಾನೂನೇ ಕಡ್ಡಾಯ ಮಾಡಿದ ಶಿಕ್ಷೆಗಳು ಒಟ್ಟಿನಲ್ಲಿ ಶೇ 3 ಮಾತ್ರ. ಉಳಿದದ್ದೆಲ್ಲ ಶಾಲೆಯವರ ವಿವೇಚನೆ. 83 ಅಂಶಗಳನ್ನು ಸರಿಹೊಂದಿಸಿದ ಮೇಲೂ ವಿವೇಚನೆಯ ಶಿಕ್ಷೆ ಕಪ್ಪು ಮಗುವಿಗೆ ಬೀಳುವ ಸಂಭವ ಶೇ 31ರಷ್ಟು ಹೆಚ್ಚಿತ್ತು. ಕಡ್ಡಾಯ ಶಿಕ್ಷೆಯಲ್ಲಿ ಆ ಹೆಚ್ಚಳವಿರಲಿಲ್ಲ. ನಡತೆಯೇ ಕಾರಣವಾಗಿದ್ದರೆ ಕಡ್ಡಾಯ ಶಿಕ್ಷೆ ಬೀಳುವ ಘೋರ ತಪ್ಪುಗಳಲ್ಲೂ ಅಂತರ ಕಾಣಬೇಕಿತ್ತು. ವಿವೇಚನೆ ಇರುವಲ್ಲಿ ಅಂತರವಿದೆ, ಇಲ್ಲದಲ್ಲಿ ಇಲ್ಲ. ಅನ್ವಯ ವ್ಯತಿರೇಕ ಎರಡೂ ಕೂಡಿಬಂದಿವೆ.

ಕಪ್ಪುವರ್ಣದ ಶಿಕ್ಷಕರೂ ಇದೇ ಶಿಕ್ಷೆ ಕೊಡುತ್ತಾರಲ್ಲ, ಅವರೂ ದ್ವೇಷಿಗಳೇ ಎಂಬುದು ಇನ್ನೊಂದು ಆಕ್ಷೇಪ. ದ್ವೇಷ ಎಂದವರಾರು? ಯೇಲ್‌ನ ವಾಲ್ಟರ್ ಗಿಲಿಯಂ 2016ರಲ್ಲಿ ಶಿಶುವಿಹಾರದ ಶಿಕ್ಷಕರಿಗೆ ವಿಡಿಯೊ ತೋರಿಸಿ, ತಂಟೆ ಎಲ್ಲಿ ಶುರುವಾಗುತ್ತದೆಂದು ಗಮನಿಸಿ ಎಂದರು. ತಂಟೆ ಅದರಲ್ಲಿ ಇರಲೇ ಇಲ್ಲ. ಆದರೂ ಶಿಕ್ಷಕರ ದೃಷ್ಟಿ ಹೆಚ್ಚು ಹೊತ್ತು ನೆಟ್ಟದ್ದು ಕಪ್ಪು ಹುಡುಗನ ಮೇಲೆ, ನೋಡುವವರು ಯಾವ ಬಣ್ಣದವರೇ ಆಗಿರಲಿ. ಸ್ಟ್ಯಾನ್‌ಫರ್ಡ್‌ನ ಒಕೊನೊಫುವಾ ಮತ್ತು ಎಬರ್‌ಹಾರ್ಟ್ ನಡೆಸಿದ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಎರಡು ಸಣ್ಣ ತಪ್ಪುಗಳ ಒಂದೇ ವರದಿ, ಹೆಸರು ಮಾತ್ರ ಬೇರೆ. ಮೊದಲ ತಪ್ಪಿಗೆ ಹೆಚ್ಚು ಭೇದವಿಲ್ಲ. ಎರಡನೆಯದಕ್ಕೆ ಬರುವಷ್ಟರಲ್ಲಿ ಕಪ್ಪು ಹೆಸರಿನ ಹುಡುಗನ ಮೇಲೆ ಶಿಕ್ಷಕರಿಗೆ ಬೇಸರ ಜಾಸ್ತಿ, ಕಠಿಣ ಶಿಕ್ಷೆಯ ಮನಸ್ಸೂ ಜಾಸ್ತಿ. ಕೆಟ್ಟವರಲ್ಲದವರೂ ತಪ್ಪು ತೂಗುತ್ತಾರೆ ಎಂಬುದಕ್ಕೇ ವಿಧಿವಿಧಾನ ಬೇಕಾಗಿರುವುದು.

ಮೂರನೆಯ ಆಕ್ಷೇಪ ನಮ್ಮವರದ್ದು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಇದು ಸಲೀಸಾಗಿ ಬಾಯಿಗೆ ಬರುತ್ತದೆ: ನಾವೂ ಬಿಳಿಯರಲ್ಲ, ನಮ್ಮ ಮಕ್ಕಳು ಸಸ್ಪೆಂಡ್ ಆಗುವುದಿಲ್ಲವಲ್ಲ? ಏಷ್ಯಾ ಮೂಲದ ಮಕ್ಕಳು ಅತಿ ಕಡಿಮೆ ಸಸ್ಪೆಂಡ್ ಆಗುತ್ತಾರೆಂಬುದು ನಿಜ. ಆದರೆ ಎಲ್ಲ ಮೈಬಣ್ಣಕ್ಕೂ ಒಂದೇ ಪೂರ್ವಗ್ರಹ ಅಂಟಿಕೊಂಡಿರಬೇಕೆಂಬ ನಿಯಮ ಎಲ್ಲಿದೆ? ಓದುವ ಹುಡುಗ ಎಂಬ ಅನುಕೂಲದ ಪೂರ್ವಗ್ರಹ ನಮ್ಮ ಮಗುವನ್ನು ಕಾಯುತ್ತದೆ. ವೀಸಾ ಕೊಟ್ಟು ಆಯ್ದು ತಂದ ಇಂಜಿನಿಯರರ ಮಕ್ಕಳನ್ನು ಗುಲಾಮಗಿರಿಯ ಇತಿಹಾಸ ಹೊತ್ತವರ ಮಕ್ಕಳೊಡನೆ ತೂಗುವುದು ನ್ಯಾಯವೂ ಅಲ್ಲ.

ತರಗತಿಯ ಉಳಿದ ಮಕ್ಕಳ ಪಾಡೇನು, ಶಾಲೆಯನ್ನು ಕೋರ್ಟು ಮಾಡಬೇಕೆ ಎಂಬ ಆಕ್ಷೇಪವನ್ನು ಗಾಸ್ ತೀರ್ಪಿನಲ್ಲೇ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಎತ್ತಿದ್ದರು. ಅವರು ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು, ಆಡಳಿತದ ಕಷ್ಟ ಗೊತ್ತಿತ್ತು. ಅವರ ಕಳವಳಕ್ಕೆ ನನ್ನ ಗೌರವವಿದೆ. ಕಾದಾಡುವ ಹುಡುಗರ ನಡುವೆ ನಿಂತ ಮೇಷ್ಟರ ಕೈ ಕಟ್ಟಬಾರದು. ಆದರೆ ಕಟ್ಟಿದವರು ಯಾರು? ಹೊಡೆದಾಟಕ್ಕೆ, ಆಯುಧಕ್ಕೆ ಶಿಕ್ಷೆ ಇದ್ದೇ ಇದೆ. ಕ್ಯಾಲಿಫೋರ್ನಿಯಾ ‘ಬೇಕೆಂದೇ ಅವಿಧೇಯತೆ’ ಎಂಬ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನು ಮೊದಲು ಕಿರಿಯ ತರಗತಿಗಳಲ್ಲಿ ನಿಲ್ಲಿಸಿ, ಆ ನಿಷೇಧವನ್ನು 2024ರಿಂದ ಹನ್ನೆರಡನೆಯ ತರಗತಿಯವರೆಗೂ ವಿಸ್ತರಿಸಿದೆ. ಅಲ್ಲೂ ಮಗುವನ್ನು ತಾತ್ಕಾಲಿಕವಾಗಿ ತರಗತಿಯಿಂದ ಹೊರಗೆ ಕಳಿಸುವ ಅಧಿಕಾರ ಶಿಕ್ಷಕರಿಗೆ ಉಳಿದಿದೆ. ಆಪ್ತಸಲಹೆಗಾರರನ್ನು ನೇಮಿಸದೆ ನಿಷೇಧವನ್ನಷ್ಟೇ ತಂದರೆ ಹೊರೆಯೆಲ್ಲ ಶಿಕ್ಷಕರ ತಲೆಗೆ ಬರುತ್ತದೆ ಎಂಬ ದೂರು ಮಾತ್ರ ನಿಜ.

ನನ್ನ ಪಕ್ಷವನ್ನೇ ಅಲುಗಿಸುವ ಆಕ್ಷೇಪ ಕೊನೆಯದು. ಗಾಸ್ ತೀರ್ಪು ಬಂದು ಐವತ್ತು ವರ್ಷವಾಯಿತು, ಅಂತರ ಹಾಗೇ ಇದೆ. ಹಕ್ಕಿನಿಂದ ಏನು ಬಂತು? ಒಪ್ಪಬೇಕಾದ ಮಾತು. ಅನೇಕ ಶಾಲೆಗಳಲ್ಲಿ ಆ ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ ಎರಡು ನಿಮಿಷದ ಶಾಸ್ತ್ರವಾಗಿದೆ. ಆರೋಪಿಸಿದವರೇ, ಅವರ ಸಹೋದ್ಯೋಗಿಯೇ ಕೇಳುವವರಾದರೆ ಕೇಳುವುದಕ್ಕೂ ಕೇಳದಿರುವುದಕ್ಕೂ ಏನು ಭೇದ? ಜೊತೆಗೆ 1994ರ ಬಂದೂಕು ಕಾಯ್ದೆಯ ನಂತರ ಬೆಳೆದ ‘ಜೀರೊ ಟಾಲರೆನ್ಸ್’ ಧೋರಣೆ, ಬಂದೂಕಿಗೆಂದು ಮಾಡಿದ ಕಟ್ಟುನಿಟ್ಟನ್ನು ಸಣ್ಣಪುಟ್ಟ ತಂಟೆಗಳಿಗೂ ಹರಡಿತು. ಆದ್ದರಿಂದ ವಿಚಾರಣೆ ಸಾಲದು. ‘ಅಗೌರವ’, ‘ಅವಿಧೇಯತೆ’ಗಳಿಗೆ ಶಾಲೆಯಿಂದ ಹೊರಹಾಕುವ ಶಿಕ್ಷೆ ಇರಕೂಡದು, ಉಳಿದ ತಪ್ಪುಗಳ ವಿಚಾರಣೆಯನ್ನು ಮೂರನೆಯವರೊಬ್ಬರು ಮಾಡಬೇಕು, ಯಾವ ತಪ್ಪಿಗೆ ಯಾವ ಮಕ್ಕಳಿಗೆ ಎಷ್ಟು ಶಿಕ್ಷೆಯಾಯಿತೆಂಬ ಪಟ್ಟಿ ಹೊರಗೆ ಬರಬೇಕು.

ಸರ್ಕಾರದ ಗಾಳಿ ಈಗ ಎದುರು ದಿಕ್ಕಿಗೆ ಬೀಸುತ್ತಿದೆ. ಒಬಾಮಾ ಆಡಳಿತ 2014ರಲ್ಲಿ ಶಾಲೆಗಳಿಗೆ ಕೊಟ್ಟ ಎಚ್ಚರಿಕೆಯ ಮಾರ್ಗಸೂಚಿಯನ್ನು 2018ರಲ್ಲಿ ಹಿಂತೆಗೆಯಲಾಯಿತು. 2025ರ ಏಪ್ರಿಲ್‌ನ ಅಧ್ಯಕ್ಷೀಯ ಆದೇಶ ಇಂಥ ಅಂತರವನ್ನು ಲೆಕ್ಕಹಾಕಿ ಪ್ರಶ್ನಿಸುವ ಕ್ರಮವನ್ನೇ ತಪ್ಪೆಂದಿತು. ಆದರೂ ಶಾಲೆ ಶಾಲೆಯ ಅಂಕಿಗಳನ್ನು ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಸಂಗ್ರಹಿಸಿ ಸಾರ್ವಜನಿಕಗೊಳಿಸುತ್ತ ಬಂದಿದೆ. ಅಲ್ಲಿರುವ ಕನ್ನಡದ ತಂದೆತಾಯಿಯರಲ್ಲಿ ಒಂದೇ ವಿನಂತಿ: ಮನೆ ಕೊಳ್ಳುವ ಮುನ್ನ ಶಾಲೆಯ ರ‍್ಯಾಂಕಿಂಗ್ ನೋಡುವಷ್ಟೇ ಶ್ರದ್ಧೆಯಿಂದ ಆ ಅಂಕಿಗಳನ್ನೂ ನೋಡಿ, ಶಾಲಾ ಮಂಡಳಿಯ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ.