ಹೆಚ್ಚಿದ ಬೆಲೆ ಯಾರ ಪಾಲು?

ಕದರಮಂಡಲಗಿಯ ಕಾಂತೇಶನ ದರ್ಶನಕ್ಕೆ ಬಂದ ಪಟ್ಟಣಿಗನೊಬ್ಬನು, ಊರಿನ ವೃದ್ಧ ಗೃಹಸ್ಥನ ಮನೆಯಲ್ಲಿ ಹಳೆಯ ಎಚ್.ಎಂ.ಟಿ. ಜನತಾ ಕೈಗಡಿಯಾರವನ್ನು ಕಂಡು 500 ರೂಪಾಯಿಗೆ ಕೇಳಿದನೆಂದು ಭಾವಿಸೋಣ. ನಿಂತುಹೋದ ಗಡಿಯಾರಕ್ಕೆ ಇಷ್ಟು ಬಂದುದೇ ಹೆಚ್ಚೆಂದು ವೃದ್ಧನು ಕೊಟ್ಟನು. ಕೊಂಡವನು ಅದನ್ನೇ ಬೆಂಗಳೂರಿನ ಸಂಗ್ರಾಹಕನೊಬ್ಬನಿಗೆ 5,000 ರೂಪಾಯಿಗೆ ಮಾರಿದನು. ನಡುವಿನ 4,500 ರೂಪಾಯಿ ಯಾವ ಕಾಯಕದ ಫಲವೆಂಬುದು ಸದ್ಭಕ್ತರು ವಿಚಾರಿಸತಕ್ಕ ವಿಷಯವಾಗಿದೆ.

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಜನತಾ, ಪೈಲಟ್, ಸೋನಾ, ಜವಾನ್ ಎಂಬ ಹೆಸರುಗಳು ಮನೆಮಾತಾದವು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ಇವೇ ಉಡುಗೊರೆ. 2016ರ ಜನವರಿಯಲ್ಲಿ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರವು ಸಮ್ಮತಿಸಿತು. ಅಲ್ಲಿಯವರೆಗೆ ಕೇಳುವವರಿಲ್ಲದೆ ಅಂಗಡಿಗಳ ಗಾಜಿನೊಳಗೆ ಕುಳಿತಿದ್ದವು ಹಲವರಿಗೆ ಅಪೂರ್ವ ವಸ್ತುಗಳಾದವು. ಗಡಿಯಾರದೊಳಗಿನ ಒಂದು ಹಲ್ಲೂ ಬದಲಾಗಲಿಲ್ಲ. ಮಾಡುವ ಕೈಗಳು ನಿಂತವು, ಅಷ್ಟೇ. ಆ ಕೈಗಳಿಗೆ ಈ ಏರಿಕೆಯಲ್ಲಿ ಒಂದು ಕಾಸೂ ಸಲ್ಲದು.

ನೆರೆಯ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬೆಲೆಯೂ ಏರಿಳಿಯುತ್ತದೆ. ಆದರೆ ಅಲ್ಲಿ ರೈತನ ಬೆವರುಂಟು. ಶೀತಲಗೃಹದಲ್ಲಿಟ್ಟು ಕಾಯುವವನಿಗೂ ಬಾಡಿಗೆಯುಂಟು, ನಷ್ಟದ ಭಯವುಂಟು. ಬೆಲೆ ನಾಲ್ವರಿಗೆ ತಿಳಿದ ಬೆಲೆ. ಗಡಿಯಾರದ ಬೆಲೆಯಾದರೋ ಕೊಳ್ಳುವವನೊಬ್ಬನೇ ಬಲ್ಲ ಗುಟ್ಟು.

ಅರಸಿ ತಿರುಗುವುದು, ಗುರುತಿಸುವುದು, ದುರಸ್ತಿ ಮಾಡಿಸುವುದು ದುಡಿಮೆಯಲ್ಲವೇ ಎಂದು ಕೇಳಬಹುದು. ಅಹುದು, ಅದಕ್ಕೆ ತಕ್ಕ ಕೂಲಿ ಸಲ್ಲಲಿ. ವೃದ್ಧನ ಅಜ್ಞಾನಕ್ಕೂ ಕೂಲಿ ಹಿಡಿಯುವುದೇ ದೋಷ. ಹಳೆಯ ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಹತ್ತು ಗಡಿಯಾರಗಳ ಬಿಡಿಭಾಗ ಕೂಡಿಸಿ ಮೂಲವಸ್ತುವೆಂದು ಮಾರುವವರೂ ಇದ್ದಾರೆ. ಅದು ಕಳವು; ಅದಕ್ಕೆ ಜಿಜ್ಞಾಸೆಯೇ ಬೇಡ.

ಸೂಕ್ಷ್ಮವಾದುದು ಬೇರೆಯಿದೆ. ತಿಳಿದೂ ಒಪ್ಪಿಯೂ ಹೆಚ್ಚು ಕೊಡುವವನಿಂದ ಕೊಳ್ಳಬಹುದೇ? ನುಲಿಯ ಚಂದಯ್ಯನು ಹುಲ್ಲಿನ ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸಿದ ಶರಣ. ಅವನ ಹಗ್ಗಕ್ಕೆ ಒಮ್ಮೆ ರೂಢಿಯ ಬೆಲೆಯನ್ನು ಮೀರಿ ಹೊನ್ನು ಬಂದಾಗ ಅವನು ಅದನ್ನು ಒಲ್ಲೆನೆಂದನೆಂದು ಶರಣಚರಿತ್ರೆ ಹೇಳುತ್ತದೆ. ಕೊಟ್ಟವನು ಮೋಸಹೋಗಿರಲಿಲ್ಲ; ಭಕ್ತಿಯಿಂದಲೇ ಕೊಟ್ಟಿದ್ದನು. ಆದರೂ ಹಗ್ಗವು ಬಾಳುವುದೆಷ್ಟೋ ಅಷ್ಟೇ ಚಂದಯ್ಯನ ಕಾಯಕದ ಫಲ. ಕೊಳ್ಳುವವನ ಒಪ್ಪಿಗೆಯೊಂದರಿಂದಲೇ ದ್ರವ್ಯ ಶುದ್ಧವಾಗದೆಂಬುದು ಇಲ್ಲಿಯ ಮರ್ಮ.

ಸಂಸಾರಿಯಿಂದ ಇಷ್ಟು ಕಟ್ಟುನಿಟ್ಟನ್ನು ಬಯಸುವುದು ಕಷ್ಟವೇ. ಮಗಳ ಮದುವೆಯ ಸಾಲವಿದ್ದವನಿಗೆ 5,000 ರೂಪಾಯಿಯನ್ನು ಹಿಂದಿರುಗಿಸೆಂದು ಹೇಳುವ ಧೈರ್ಯ ಯಾರಿಗುಂಟು? ಖರ್ಚನ್ನೂ ಶ್ರಮದ ಕೂಲಿಯನ್ನೂ ಕಳೆದುಳಿದುದು ತನ್ನ ದುಡಿಮೆಯಲ್ಲವೆಂದು ಅರಿತು, ದಾಸೋಹಕ್ಕೆ ಸಲ್ಲಿಸಿದರೆ ಅವನ ಮಟ್ಟಿಗೆ ಸಾಕು. ಪರಊರಿನ ವ್ಯಾಪಾರಿಯ ಮಾತು ಹಾಗಲ್ಲ. ಪೇಟೆಯಲ್ಲಿ ನಡೆಯುವ ಬೆಲೆಯನ್ನು ಅವನು ವೃದ್ಧನಿಗೆ ಮೊದಲೇ ತಿಳಿಸಿ, ಆಮೇಲೆ ತನ್ನ ಬೆಲೆಯನ್ನು ಹೇಳಬೇಕು. ಅದನ್ನು ಕೇಳಿ ವೃದ್ಧನು ಮಾರಲು ಮನಸ್ಸಿಲ್ಲದೆ, ಮೊಮ್ಮಗನಿಗೆ ಇರಲೆಂದು ಗಡಿಯಾರವನ್ನು ಮರಳಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೂ ಇಟ್ಟುಕೊಳ್ಳಬಹುದು.