ಬಲಾಬಲ ವಿಚಾರ

ಕಳೆದ ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಕ್ಕಳು ನಡುಮನೆಯಲ್ಲಿ ಕುಳಿತು ಒಂದು ಆಟವನ್ನಾಡುತ್ತ ಜಗಳವಾಡಿಕೊಂಡರು. ಮಕ್ಕಳ ಜಗಳವನ್ನು ಸಾಹಿತ್ಯಪತ್ರಿಕೆಗೆ ತರುವುದೇಕೆಂದು ವಾಚಕಮಹಾಶಯರು ಕೇಳಬಹುದು. ಆ ಜಗಳದ ಬುಡದಲ್ಲಿದ್ದ ಪ್ರಶ್ನೆಯು ಉದ್ಯೋಗಪರ್ವದಷ್ಟು ಹಳೆಯದು. ಅದಕ್ಕೆ ನಾನು ಆ ಹೊತ್ತು ಹೇಳಿದ ಸಮಾಧಾನವು ಹುಸಿಯೆಂದು ಹನ್ನೊಂದು ವರ್ಷದ ಹುಡುಗನೊಬ್ಬನು ತೋರಿಸಿಕೊಟ್ಟನು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಇದು ಬರೆಯತಕ್ಕ ಸಂಗತಿಯೇ ಸರಿ.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರಾಗನ್ಸ್'. ೧೯೭೪ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ರಚಿಸಿ ಪ್ರಕಟಿಸಿದರು. ಇದರಲ್ಲಿ ಹಲಗೆ ಕಾಯಿಗಳಿಗಿಂತ ಮಾತೇ ಪ್ರಧಾನ. ಒಬ್ಬನು ಸೂತ್ರಧಾರನಾಗಿ ಕಾಡು, ಗುಹೆ, ರಾಕ್ಷಸರನ್ನು ವರ್ಣಿಸುತ್ತಾನೆ. ಉಳಿದವರು ಭಟ, ಮಾಂತ್ರಿಕ, ಪುರೋಹಿತ, ಕಳ್ಳ ಎಂದು ತಲೆಗೊಂದು ಪಾತ್ರವನ್ನು ವಹಿಸಿ, ತಾವು ಏನು ಮಾಡುವೆವೆಂದು ಹೇಳುತ್ತಾರೆ. ಫಲವನ್ನು ದಾಳವು ನಿರ್ಣಯಿಸುತ್ತದೆ. ಆಡುವವರು ಒಬ್ಬರಿಗೊಬ್ಬರು ವೈರಿಗಳಲ್ಲ, ಎಲ್ಲರೂ ಒಂದೇ ಪಕ್ಷ. ಹೀಗಿದ್ದೂ ಜಗಳ. ಕಿರಿಯ ಮೊಮ್ಮಗನು ಭಟ. ಅವನ ಕತ್ತಿಗೆ ಎಂಟು ಮುಖದ ಒಂದು ದಾಳ. ಐದನೆಯ ಮಜಲಿಗೆ ಬಂದವನಾದುದರಿಂದ ಒಂದು ಸರದಿಗೆ ಎರಡು ಸಲ ಬೀಸಬಹುದು. ಮೈಬಲದ ಅಂಕವನ್ನು ಕೂಡಿಸಿ, ಎರಡು ಏಟೂ ತಾಕಿದರೆ, ಸರಾಸರಿ ೧೭ರಷ್ಟು ಪೆಟ್ಟು. ಅದೇ ಮಜಲಿನ ಮಾಂತ್ರಿಕಳಾದ ಅವನ ಅಕ್ಕನು ಬೆಂಕಿಯ ಉಂಡೆಯೊಂದನ್ನೆಸೆದರೆ ಆರು ಮುಖದ ಎಂಟು ದಾಳಗಳು ಉರುಳುತ್ತವೆ. ಸರಾಸರಿ ೨೮ ಪೆಟ್ಟು. ಅದೂ ಒಬ್ಬನಿಗಲ್ಲ, ಬಿದ್ದ ಸ್ಥಳದಿಂದ ಸುತ್ತಲೂ ಇಪ್ಪತ್ತು ಅಡಿಯೊಳಗೆ ನಿಂತ ಎಲ್ಲರಿಗೂ. ಓರೆಯಾಗಿ ತಪ್ಪಿಸಿಕೊಂಡವರಿಗೂ ಅರ್ಧದಷ್ಟು. "ನಾನು ಕತ್ತಿ ಹಿರಿಯೋದರೊಳಗೆ ಎಲ್ಲಾ ಮುಗಿದಿರುತ್ತೆ, ತಾತ. ನಾನ್ಯಾಕೆ ಇವರ ಜೊತೆ ಹೋಗಬೇಕು?" ಎಂದು ಹುಡುಗನು ಅಳುಮೋರೆ ಮಾಡಿದನು.

ನಾನು ಅವನನ್ನು ಜಗಲಿಗೆ ಕರೆದುಕೊಂಡು ಹೋಗಿ ಸೀಮೆಸುಣ್ಣದಿಂದ ಹುಲಿ-ಕುರಿ ಆಟದ ಗೆರೆಗಳನ್ನೆಳೆದೆನು. ನಮ್ಮ ಕಡೆಯ ತೆಲುಗುಮಾತಿನ ಮನೆಗಳಲ್ಲಿ ಇದನ್ನು ಪುಲಿ-ಮೇಕ ಎನ್ನುತ್ತಾರೆ. ಹಂಪೆಯ ಹಾಸುಗಲ್ಲುಗಳ ಮೇಲೆಯೂ ಇಂತಹ ಗೆರೆಗಳನ್ನು ಕಾಣಬಹುದು. ಮೂರು ಹುಲಿ, ಹದಿನೈದು ಕುರಿ. ಹುಲಿಯು ಕುರಿಯ ಮೇಲೆ ಹಾರಿ ಅದನ್ನು ಕೊಲ್ಲುತ್ತದೆ. ಕುರಿಯು ಯಾರನ್ನೂ ಕೊಲ್ಲಲಾರದು. ಆದರೂ ಕುರಿಗಳು ಒಂದಕ್ಕೊಂದು ಒತ್ತಿ ನಿಂತು, ಹುಲಿಗಳಿಗೆ ಕಾಲಿಡಲು ಎಡೆಯಿಲ್ಲದಂತೆ ಮಾಡಿ ಗೆಲ್ಲುತ್ತವೆ. "ಕುರಿಯ ಪೆಟ್ಟಿನ ಲೆಕ್ಕ ಸೊನ್ನೆ, ಆಟ ಮಾತ್ರ ಸರಿಸಮ. ಹಾಗಿರುವಾಗ ನಿನ್ನ ಪೆಟ್ಟು ಅಕ್ಕನ ಪೆಟ್ಟಿಗೆ ಸಮವಾಗಬೇಕೆಂದು ಯಾರು ಹೇಳಿದರು?" ಎಂದು ಕೇಳಿ, ಮಾತು ಮುಗಿಯಿತೆಂದು ಭಾವಿಸಿದೆನು. ಹುಡುಗನು ಗೆರೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೈದು ಕುರೀನೂ ಒಬ್ಬನೇ ಆಡಿಸ್ತಾನಲ್ಲ, ತಾತ" ಎಂದನು.

ನನಗೆ ಉತ್ತರ ತೋರಲಿಲ್ಲ. ಅವನು ಹೇಳಿದುದು ಹೀಗೆ: ಸತ್ತ ಕುರಿಯು ಹಲಗೆಯ ಪಕ್ಕದಲ್ಲಿ ಕುಳಿತು ದುಃಖಿಸುವುದಿಲ್ಲ, ಏಕೆಂದರೆ ಅದರೊಳಗೆ ಯಾರೂ ಇಲ್ಲ. ಚದುರಂಗದ ಪದಾತಿಯು ಆನೆಯನ್ನು ಕಂಡು ಕರುಬುವುದಿಲ್ಲ. ಅವನ ಆಟದಲ್ಲಿಯಾದರೋ ಒಂದೊಂದು ಕುರಿಯೊಳಗೂ ಒಬ್ಬೊಬ್ಬ ಹುಡುಗನು ಕುಳಿತಿದ್ದಾನೆ.

ಪಕ್ಷಕ್ಕೂ ಪಕ್ಷಕ್ಕೂ ಇರಬೇಕಾದ ಸಾಮ್ಯವು ಒಂದು. ಒಂದೇ ಪಕ್ಷದ ಆಳಿಗೂ ಆಳಿಗೂ ಇರಬೇಕಾದ ಸಾಮ್ಯವು ಇನ್ನೊಂದು. ಮೊದಲನೆಯದನ್ನು ಸಿದ್ಧಮಾಡಿ ಎರಡನೆಯದು ತಾನೇ ಬಂದಿತೆಂದು ನಾನು ಮೋಸಹೋಗಿದ್ದೆನು. ಈ ಆಟದ ಹುಟ್ಟೇ ಆ ಭೇದವನ್ನು ತೋರಿಸುತ್ತದೆಂದು ಆಮೇಲೆ ತಿಳಿಯಿತು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ೧೯೭೧ರಲ್ಲಿ ಪ್ರಕಟಿಸಿದ 'ಚೈನ್‌ಮೇಲ್' ಎಂಬುದು ಸೈನ್ಯಗಳ ಆಟ. ದೊಡ್ಡ ಕಾಳಗದ ನಿಯಮದಲ್ಲಿ ಒಂದು ಬೊಂಬೆಯೆಂದರೆ ಇಪ್ಪತ್ತು ಮಂದಿ ಸೈನಿಕರು. ಅಲ್ಲಿಂದ ಮುಂದೆ ಒಬ್ಬ ಆಟಗಾರನಿಗೆ ಒಬ್ಬನೇ ಮನುಷ್ಯನು ಎಂದಾದಾಗ ಈ ಹೊಸ ಆಟವಾಯಿತು. ಇಪ್ಪತ್ತು ಮಂದಿಯ ಬೊಂಬೆಗೆ ಇಲ್ಲದಿದ್ದ ಮಾನಾಪಮಾನಗಳು ಒಬ್ಬ ಮನುಷ್ಯನಾದೊಡನೆ ಬಂದುವು.

ಈಗ ಉದ್ಯೋಗಪರ್ವಕ್ಕೆ ಬರೋಣ. ಸೇನಾಪತಿಯಾದ ಭೀಷ್ಮನನ್ನು ದುರ್ಯೋಧನನು ಎರಡು ಪಕ್ಷಗಳ ವೀರರನ್ನೂ ಎಣಿಸಿ ಹೇಳೆಂದು ಬೇಡುತ್ತಾನೆ. ಪಿತಾಮಹನು ಒಬ್ಬೊಬ್ಬರಿಗೂ ಬೆಲೆ ಕಟ್ಟುತ್ತಾನೆ. ಶಲ್ಯ ಕೃತವರ್ಮರು ಅತಿರಥರು; ಶಕುನಿಯು ಒಂದು ರಥ; ಸೈಂಧವನು ಎರಡು ರಥಗಳಿಗೆ ಸಮ; ಆಚೆಯ ಪಕ್ಷದ ಭೀಮನು ಎಂಟು ರಥಗಳಿಗೆ ಸಮ. ಅಶ್ವತ್ಥಾಮನು ಮಹಾಪರಾಕ್ರಮಿ, ಆದರೆ ಪ್ರಾಣದ ಮೇಲೆ ಬಹಳ ಆಸೆಯುಳ್ಳವನಾದುದರಿಂದ ಅವನನ್ನು ರಥನೆಂದಾಗಲಿ ಅತಿರಥನೆಂದಾಗಲಿ ಎಣಿಸಲಾರೆನು ಎನ್ನುತ್ತಾನೆ. ಕರ್ಣನ ಸರದಿ ಬಂದಾಗ, ಸಹಜವಾದ ಕವಚಕುಂಡಲಗಳು ಹೋದುವು, ಪರಶುರಾಮನ ಶಾಪ ತಗುಲಿತು, ಸ್ವಭಾವದಲ್ಲಿ ಎಚ್ಚರವೂ ಸಾಲದು. ಆದುದರಿಂದ ಅರ್ಧರಥನು ಎಂದು ತೀರ್ಮಾನ. ದ್ರೋಣನೂ ಹೌದೆಂದನು. ಕರ್ಣನು ಕೆರಳಿ, ಭೀಷ್ಮನು ಬೀಳುವ ತನಕ ತಾನು ಯುದ್ಧ ಮಾಡೆನೆಂದು ನಿಂತುಬಿಟ್ಟನು. ಅರ್ಧವೆಂದು ಎಣಿಸಿದುದರಿಂದ ಆ ಅರ್ಧವೂ ಹತ್ತು ದಿನ ಕೌರವರಿಗೆ ದಕ್ಕಲಿಲ್ಲ.

ಭೀಷ್ಮನ ಲೆಕ್ಕವು ಸುಳ್ಳೆನ್ನುವಂತಿಲ್ಲ. ಅವನು ಕೊಟ್ಟ ಕಾರಣಗಳೆಲ್ಲ ಹದಿನೇಳನೆಯ ದಿನ ನಿಜವಾದುವು. ಸೇನೆಯನ್ನು ನಡೆಸುವವನಿಗೆ ಇಂತಹ ಲೆಕ್ಕವು ಬೇಕೇ ಬೇಕು. ಆದರೆ ಪಕ್ಷದ ಒಡೆಯನಿಗೆ ಹೇಳಬೇಕಾದ ಮಾತನ್ನು ಎಣಿಸಲ್ಪಟ್ಟವನ ಮುಂದೆ ತುಂಬಿದ ಸಭೆಯಲ್ಲಿ ಆಡಿದನಲ್ಲ! ಇದನ್ನು ದೂರುವ ಹಕ್ಕು ನನಗಿದೆಯೋ ಇಲ್ಲವೋ. ನಾನೂ ತಿಂಗಳಿಗೊಮ್ಮೆ ಕರಿಹಲಗೆಯ ಮೇಲೆ ಹುಡುಗರ ಹೆಸರುಗಳನ್ನು ಅಂಕಗಳ ಕ್ರಮದಲ್ಲಿ ಬರೆದವನು. ಶಬ್ದರೂಪಗಳು ನಾಲಗೆಗೆ ಹತ್ತದ ಒಬ್ಬ ಹುಡುಗನನ್ನು ತರಗತಿಯಲ್ಲಿ 'ಅರ್ಧರಥ' ಎಂದು ಕರೆದೆನು. ಎಲ್ಲರೂ ನಕ್ಕರು, ಅವನೂ ನಕ್ಕನು. ಪಠ್ಯದಲ್ಲಿ ಕರ್ಣನ ಪಾಠವಿದ್ದುದರಿಂದ ಹಾಸ್ಯವು ಚೆನ್ನಾಗಿಯೇ ಒಪ್ಪಿತೆಂದು ನನಗೆ ಹೆಮ್ಮೆಯೂ ಆಗಿತ್ತು. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಬಹಳ ವರ್ಷಗಳ ಮೇಲೆ ಗೌರಿಬಿದನೂರಿನ ಬಸ್ಸು ನಿಲ್ದಾಣದಲ್ಲಿ ಕಂಡು, ಕೈಮುಗಿದು, ನನ್ನ ಚೀಲವನ್ನು ತಾನೇ ಎತ್ತಿ ಬಸ್ಸಿನಲ್ಲಿಟ್ಟನು. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದಂತಿರಲಿ. ಒಂದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗಿದರೆ ಆ ತೂಕವು ಕೆಲಸಕ್ಕೂ ಬರುವುದಿಲ್ಲವೆಂಬುದನ್ನು ಯುದ್ಧವೇ ತೋರಿಸಿತು. ಹದಿಮೂರನೆಯ ದಿನ ಅಭಿಮನ್ಯುವು ಚಕ್ರವ್ಯೂಹವನ್ನು ಹೊಕ್ಕಾಗ, ಅವನ ಬೆನ್ನಿಗೆ ಬಂದ ಪಾಂಡವರನ್ನು ವ್ಯೂಹದ ಬಾಯಲ್ಲಿ ತಡೆದವನಾರು? ಎರಡು ರಥಗಳ ಸೈಂಧವನು. ಎಂಟು ರಥಗಳ ಭೀಮನು ಅವನನ್ನು ದಾಟಲಾರದೆ ಹೋದನು. ಅರ್ಜುನನೊಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆಯುವ ವರವು ಶಿವನಿಂದ ಅವನಿಗಿದ್ದಿತು. ಆ ದಿನ, ಆ ಬಾಗಿಲಲ್ಲಿ, ಅವನು ಬೇಕಾದವನಾಗಿದ್ದನು. ಭೀಷ್ಮನನ್ನು ಕೆಡವಿದ ದಿನವಾದರೋ ಶಿಖಂಡಿಯ ಬಾಣಗಳಿಗಿಂತ ಅವನು ಎದುರಿಗೆ ನಿಂತುದೇ ದೊಡ್ಡ ಆಯುಧವಾಯಿತು. ಕರ್ಣನ ಕೈಯಲ್ಲಿ ಇಂದ್ರನು ಕೊಟ್ಟ ಶಕ್ತ್ಯಾಯುಧವಿತ್ತು. ಎದುರಿಲ್ಲದ್ದು, ಆದರೆ ಒಂದೇ ಸಲ ಎಸೆಯತಕ್ಕದ್ದು. ಅದನ್ನು ಹದಿನಾಲ್ಕನೆಯ ರಾತ್ರಿ ಘಟೋತ್ಕಚನ ಮೇಲೆ ವ್ಯಯಮಾಡಬೇಕಾಯಿತು. ಭೀಮನ ಗದೆಯು ಒಂದೇಟಿಗೆ ಅಷ್ಟು ಮಾಡಲಾರದು. ಆದರೆ ಹದಿನೆಂಟು ದಿನವೂ ಮುಗಿಯಲಿಲ್ಲ.

ಈ ಕೊನೆಯ ಮಾತನ್ನು ಸೂತ್ರಧಾರನಾಗಿದ್ದ ಹಿರಿಯ ಮೊಮ್ಮಗನಿಗೆ ಹೇಳಿದಾಗ ಅವನು ತಲೆ ಕೆರೆದುಕೊಂಡು, "ತಪ್ಪು ನಂದೇ ಇರಬೇಕು, ತಾತ" ಎಂದನು. ಹೇಗೆಂದರೆ, ಐದನೆಯ ಮಜಲಿನ ಮಾಂತ್ರಿಕನಿಗೆ ಬೆಂಕಿಯ ಉಂಡೆಯಂತಹ ದೊಡ್ಡ ಮಂತ್ರಗಳನ್ನು ದಿನಕ್ಕೆ ಎರಡು ಸಲ ಮಾತ್ರ ಪ್ರಯೋಗಿಸುವ ಶಕ್ತಿ. ರಾತ್ರಿ ಮಲಗಿ ಎದ್ದರೆ ಅದು ಮರಳಿ ಬರುತ್ತದೆ. ಕತ್ತಿಗೆ ಇಂತಹ ಎಣಿಕೆಯಿಲ್ಲ. ದಿನದಲ್ಲಿ ಆರೇಳು ಕಾಳಗಗಳಿದ್ದರೆ ಇಬ್ಬರೂ ಬೇಕಾದವರು. ಈ ಸೂತ್ರಧಾರನು ದಯಾಳು. ಒಂದೊಂದು ಕಾಳಗವಾದ ಮೇಲೂ ಎಲ್ಲರಿಗೂ ನಿದ್ದೆ ಮಾಡಲು ಬಿಡುತ್ತಿದ್ದನು. ಅನ್ಯಾಯವು ದಾಳದಲ್ಲಿರಲಿಲ್ಲ, ನಿದ್ದೆಯಲ್ಲಿತ್ತು.

ಹಾಗಾದರೆ ಎಲ್ಲರ ಬಲವನ್ನೂ ಒಂದೇ ಅಚ್ಚಿಗೆ ತಂದುಬಿಟ್ಟರಾಗದೆ? ಆ ಆಟದವರು ಅದನ್ನೂ ಮಾಡಿನೋಡಿದ್ದಾರಂತೆ. ೨೦೦೮ರ ಪರಿಷ್ಕರಣದಲ್ಲಿ ಭಟನಿಗೂ ಮಾಂತ್ರಿಕನಿಗೂ ಒಂದೇ ಬಗೆಯ ವರಸೆಗಳನ್ನು ಹಂಚಿದರು. ಯಾರಾದರೂ ಒಂದೇ ಆಯಿತೆಂದು ಹಲವರು ಮುಖ ತಿರುಗಿಸಿದರು. ೨೦೧೪ರಲ್ಲಿ ಆ ಪದ್ಧತಿಯನ್ನು ಬಿಟ್ಟರು. ಎಲ್ಲರೂ ಒಂದೇ ಆದರೆ ಯಾರೊಬ್ಬನೂ ಬೇಕಾದವನಾಗಿ ಉಳಿಯುವುದಿಲ್ಲವಷ್ಟೆ.

ಪಾಠಶಾಲೆಯಲ್ಲಿ ಮೀಮಾಂಸೆಯನ್ನೋದುವಾಗ ಬಂದ ಒಂದು ವಿಷಯವು ಇಲ್ಲಿ ನೆನಪಾಗುತ್ತದೆ. ಸೋಮಯಾಗಕ್ಕೆ ಹದಿನಾರು ಮಂದಿ ಋತ್ವಿಜರು. ನಾಲ್ವರು ಮುಖ್ಯರು; ಅವರ ಕೆಳಗೆ ನಾಲ್ವರು ಅರ್ಧಿಗಳು, ನಾಲ್ವರು ತೃತೀಯಿಗಳು, ನಾಲ್ವರು ಪಾದಿಗಳು; ಮುಖ್ಯರಿಗೆ ಸಲ್ಲುವ ದಕ್ಷಿಣೆಯಲ್ಲಿ ಅರ್ಧ, ಮೂರನೆಯ ಒಂದು, ಕಾಲುಪಾಲು ಇವರಿಗೆ. ಅಲ್ಲಿಯೂ ಅರ್ಧವೆಂಬ ಹೆಸರೇ. ಆದರೆ ಅದು ಪಾಲಿನ ಹೆಸರು, ಮನುಷ್ಯನ ಅಳತೆಯಲ್ಲ. ಮುಖ್ಯರಲ್ಲೊಬ್ಬನಾದ ಬ್ರಹ್ಮನು ದಕ್ಷಿಣದ ಕಡೆ ಬಹುಮಟ್ಟಿಗೆ ಮೌನವಾಗಿ ಕುಳಿತಿರುತ್ತಾನೆ. ಲೋಪವಾದಾಗ ಸರಿಪಡಿಸುವುದು ಅವನ ಕೆಲಸ. ನೋಡುವವನಿಗೆ ಏನೂ ಮಾಡದವನು. ಅವನಿಗೆ ಪೂರ್ತಿ ಪಾಲು.

ಇಷ್ಟು ಬರೆದು, ಸಿದ್ಧಾಂತವಾಯಿತೆಂದು ಲೇಖನಿಯನ್ನಿಡುವುದರಲ್ಲಿದ್ದೆನು. ಆದರೆ 'ನಿನ್ನ ಕೆಲಸವೇ ಬೇರೆ, ನೀನೂ ಬೇಕಾದವನೇ' ಎಂಬ ಮಾತನ್ನು ಮೇಲೆ ಕುಳಿತವರು ಕೆಳಗೆ ಕೂರಿಸಲ್ಪಟ್ಟವರಿಗೆ ಎಷ್ಟು ಕಾಲದಿಂದ ಹೇಳಿಕೊಂಡು ಬಂದಿದ್ದಾರೆ! ನಮ್ಮ ಶಾಸ್ತ್ರಜ್ಞರು ಅದನ್ನು ಸಂಸ್ಕೃತದಲ್ಲಿ ಹೇಳಿದರು. ಮೊಮ್ಮಕ್ಕಳಾದರೋ ತಮಗೆ ಬೇಕಾದ ಪಾತ್ರವನ್ನು ತಾವೇ ಆರಿಸಿಕೊಂಡವರು. ನಾಳೆ ಭಟನು ಮಾಂತ್ರಿಕನಾಗಬಹುದು. ಹುಲಿ-ಕುರಿಯಲ್ಲಿಯೂ ಮುಂದಿನ ಆಟಕ್ಕೆ ಹುಲಿ ಆಡಿದವನು ಕುರಿ ಆಡುತ್ತಾನೆ. ಸೂತನ ಮಗನೆಂದು ಬೆಳೆದವನಿಗೆ ಆ ಅವಕಾಶವೆಲ್ಲಿತ್ತು? ಪಾತ್ರವನ್ನು ಆರಿಸಿಕೊಳ್ಳಲೂ ಬದಲಾಯಿಸಲೂ ಬಿಡದೆ, 'ನೀನೂ ಬೇಕಾದವನೇ' ಎಂದು ಮಾತ್ರ ಹೇಳುವುದು ಸಮಾಧಾನವಲ್ಲ, ಬೀಗ.

ನಮ್ಮೂರಿಗೆ ಹೆಸರು ಕೊಟ್ಟವನನ್ನೇ ನೋಡಿರಿ. ಧೃತರಾಷ್ಟ್ರ, ಪಾಂಡು, ವಿದುರ ಮೂವರೂ ವ್ಯಾಸರಿಂದ ಹುಟ್ಟಿದವರು. ಕಡೆಯವನು ದಾಸಿಯ ಮಗನಾದುದರಿಂದ ರಾಜ್ಯಕ್ಕೆ ಹೊರಗಾದನು. ಭೀಷ್ಮನ ಲೆಕ್ಕದಲ್ಲಿ ಅವನು ಅರ್ಧವೂ ಅಲ್ಲ, ಕಾಲೂ ಅಲ್ಲ. ಸಭೆಯಲ್ಲಿ ದುರ್ಯೋಧನನು ಹುಟ್ಟನ್ನೆತ್ತಿ ಹಳಿದಾಗ, ಅವನು ತನ್ನ ಬಿಲ್ಲನ್ನು ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ಹೊರಟನೆಂದು ಭಾಗವತದ ತೃತೀಯ ಸ್ಕಂಧವು ಹೇಳುತ್ತದೆ. ಹಾಗಾದರೆ ಅವನಿಗೂ ಒಂದು ಬಿಲ್ಲಿದ್ದಿತು! ಅದರ ಬಲವೆಷ್ಟೆಂದು ಯಾರೂ ಕೇಳಲಿಲ್ಲ. ಅವನು ಇಲ್ಲಿಗೆ ಬಂದು ಪಿನಾಕಿನಿಯ ದಡದಲ್ಲಿ ಅಶ್ವತ್ಥವನ್ನು ನೆಟ್ಟನೆಂಬುದು ಸ್ಥಳದ ಹೇಳಿಕೆ. ಆ ಹಳೆಯ ಮರವು ೨೦೦೧ರಲ್ಲಿ ಬಿದ್ದಿತು. ಸುತ್ತಲಿನ ನಾಗರಕಲ್ಲುಗಳಿಗೆ ಜನರು ಈಗಲೂ ಪ್ರದಕ್ಷಿಣೆ ಬರುತ್ತಾರೆ.

ಮರುದಿನ ಸೂತ್ರಧಾರನು ಮಕ್ಕಳನ್ನು ಒಂದು ಇಕ್ಕಟ್ಟಾದ ಗುಹೆಗೆ ನುಗ್ಗಿಸಿದನು. ಶತ್ರುಗಳು ಮೈಮೇಲೆಯೇ ಬಿದ್ದರು. ಬೆಂಕಿಯನ್ನೆಸೆದರೆ ತಮ್ಮವರೂ ಸುಡುವರು. ಕಿರಿಯವನು ಗುಹೆಯ ಬಾಯಲ್ಲಿ ಸೈಂಧವನಂತೆ ಅಡ್ಡ ನಿಂತು, ಒಂದೊಂದು ದಾಳಕ್ಕೂ ಮನೆ ಹಾರಿಹೋಗುವಂತೆ ಕೂಗುತ್ತಿದ್ದನು. ಕಾಫಿ ತಂದುಕೊಟ್ಟ ನಮ್ಮ ಮನೆಯಾಕೆಯು, "ಇವತ್ತು ಜಗಳವಿಲ್ಲವಲ್ಲ!" ಎಂದಳು. ನಾನು ಅಕ್ಕನ ಕಡೆ ನೋಡಿದೆನು. ಅವಳು ತನ್ನ ಎಂಟು ದಾಳಗಳನ್ನು ಒಂದರ ಮೇಲೊಂದು ಜೋಡಿಸಿ ಗೋಪುರ ಕಟ್ಟುತ್ತಿದ್ದಳು. "ನಿನ್ನ ಸರದಿ ಬರಲಿಲ್ಲವೇನಮ್ಮ?" ಎಂದೆನು. "ಬಂತು, ತಾತ. ಮಾಡೋದಕ್ಕೇನಿದೆ?" ಎಂದಳು.